ಹಿರಿಯರ ಎದುರಿಗೆ ಕೂರುವವರು ಯಾರು?

ನಮ್ಮ ಪಾರ್ವತಿನಗರದ ಕ್ರೈಸ್ತ ಮನೆಗಳಲ್ಲಿ ಹಿರಿಯರನ್ನು ಕಡೆಗಣಿಸಿದ್ದಾರೆಂದು ಯಾರೂ ಸುಲಭವಾಗಿ ದೂರುವಂತಿಲ್ಲ. ಹೊತ್ತಿಗೆ ಸರಿಯಾಗಿ ಅವರಿಗೆ ಊಟ ಬರುತ್ತದೆ. ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಗುಳಿಗೆಗಳು ಬೆಳಗಿನವು ಬೇರೆ, ರಾತ್ರಿಯವು ಬೇರೆ ಎಂದು ಡಬ್ಬಿಗಳಲ್ಲಿ ವಿಂಗಡವಾಗಿರುತ್ತವೆ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು ನೆತ್ತಿ ಸುಡತೊಡಗಿದಾಗ ಮನೆಯಲ್ಲಿರುವ ಒಂದೇ ಒಂದು ಕೂಲರ್ ಅಜ್ಜನ ಕೋಣೆ ಸೇರುತ್ತದೆ. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ಕೊಂಡು ಮನೆಯಿಂದ ಮನೆಗೆ ಹೋಗುವ ಗುರುವಿಗೆ ಇವೆಲ್ಲ ಕಾಣುತ್ತವೆ. ಮಕ್ಕಳ ಬಗೆಗೆ, ಸೊಸೆಯಂದಿರ ಬಗೆಗೆ ಮೆಚ್ಚುಗೆಯೂ ಮೂಡುತ್ತದೆ. ಆದರೆ ಅದೇ ಮನೆಗಳಲ್ಲಿ ಸ್ವಲ್ಪ ಹೊತ್ತು ಕುಳಿತು ಕಿವಿಗೊಟ್ಟರೆ, ದಿನವಿಡೀ ಆ ಹಿರಿಯರಿಗೆ ಕೇಳುವ ಪ್ರಶ್ನೆಗಳು ಎರಡೇ ಎರಡು ಎಂಬುದು ತಿಳಿಯುತ್ತದೆ: "ಉಂಡ್ರಾ?" "ಗುಳಿಗಿ ತಗೊಂಡ್ರಾ?" ಎರಡಕ್ಕೂ ಉತ್ತರ ಒಂದೇ, "ಹೂಂ". ಅಲ್ಲಿಗೆ ಮಾತು ಮುಗಿಯಿತು. ಉಳಿದ ಹೊತ್ತೆಲ್ಲ ಟಿ.ವಿ.ಯದು.

ಈ ಎರಡು ಪ್ರಶ್ನೆಗಳೂ ಪ್ರೀತಿಯವೇ. ಆದರೂ ಇವೆರಡೂ ದೇಹವನ್ನು ಕುರಿತವು. ಒಬ್ಬ ವ್ಯಕ್ತಿಯ ಬುದ್ಧಿಗೆ, ಇಚ್ಛೆಗೆ ಹಾಕಿದ ಪ್ರಶ್ನೆಗಳಲ್ಲ. ಮೂರನೆಯದೊಂದು ಪ್ರಶ್ನೆಯಿದೆ. ಹಿಂದೆ ಅದು ನಮ್ಮ ಜಗಲಿಗಳ ಮೇಲೆ ಮಧ್ಯಾಹ್ನವೆಲ್ಲ ಕೇಳಿಬರುತ್ತಿತ್ತು: "ಈಗ ನಿಮ್ಮ ಆಟ. ಯಾವ ಕಾಯಿ ನಡಸ್ತೀರಿ?" ಇದಕ್ಕೆ "ಹೂಂ" ಎಂದರೆ ಸಾಲದು. ಯೋಚಿಸಬೇಕು, ಆರಿಸಬೇಕು, ಆರಿಸಿದ್ದಕ್ಕೆ ಹೊಣೆಯಾಗಬೇಕು. ಕೇಳುವವನು ಸಹ ಉತ್ತರಕ್ಕಾಗಿ ನಿಜವಾಗಿಯೂ ಕಾಯಬೇಕು, ಏಕೆಂದರೆ ಆ ಉತ್ತರದ ಮೇಲೆ ಅವನ ಸೋಲು ಗೆಲುವು ನಿಂತಿದೆ. ಈ ವಾರದ ಬರಹ ಆ ಮೂರನೆಯ ಪ್ರಶ್ನೆಯನ್ನು ಕುರಿತದ್ದು.

ಚೌಕಾಬಾರವನ್ನೇ ತೆಗೆದುಕೊಳ್ಳೋಣ. ನಮ್ಮ ಊರಿನ ಸೊಗಸೆಂದರೆ, ಒಂದೇ ಧರ್ಮಕೇಂದ್ರದಲ್ಲಿ ಕನ್ನಡದ ಮನೆಗಳೂ ತೆಲುಗು, ತಮಿಳು, ಕೊಂಕಣಿ ಮಾತಿನ ಮನೆಗಳೂ ಅಕ್ಕಪಕ್ಕದಲ್ಲಿರುತ್ತವೆ. ಕನ್ನಡದವರು ಚೌಕಾಬಾರ ಎನ್ನುವುದನ್ನು ತೆಲುಗಿನವರು ಅಷ್ಟಾಚೆಮ್ಮ ಎನ್ನುತ್ತಾರೆ. ನಮ್ಮ ಅಳಗುಳಿಮಣೆ ತೆಲುಗಿನಲ್ಲಿ ವಾಮನಗುಂಟಲು, ತಮಿಳಿನಲ್ಲಿ ಪಲ್ಲಾಂಗುಳಿ, ಕರಾವಳಿಯಲ್ಲಿ ಚೆನ್ನೆಮಣೆ. ಹೆಸರು ಬೇರೆಯಾದರೂ ಮಣೆಯ ಮುಂದೆ ಕುಳಿತವರಿಗೆ ದುಭಾಷಿ ಬೇಕಿಲ್ಲ.

ಐದು ಮನೆ ಉದ್ದ, ಐದು ಮನೆ ಅಗಲ. ಒಟ್ಟು 25 ಮನೆಗಳು. ಸುತ್ತಲಿನ ಸಾಲಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ ಒಂದು. ನಾಲ್ಕು ಬದಿಗೆ ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಡುವೆ ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ತೆರೆದು ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ತೆರೆದರೆ ಚೌಕ, ನಾಲ್ಕೂ ಮುಚ್ಚಿದರೆ ಎಂಟು, ಅದೇ ಬಾರ. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಂದು ಆಟ. ಗುಣಿಸುಗೀಟು ಎಳೆದ ನಾಲ್ಕು ಮನೆಗಳಲ್ಲಿ ಕುಳಿತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಬಹುತೇಕ ಮನೆಗಳ ನಿಯಮ.

ಇದು ಮಕ್ಕಳಾಟ ಎನ್ನುವವರು ಒಮ್ಮೆ ಅಜ್ಜಿಯ ಎದುರು ಕುಳಿತು ನೋಡಬೇಕು. ಮೂರು ಬಿತ್ತು. ಓಡುತ್ತಿರುವ ಕಾಯನ್ನು ಕಟ್ಟೆಗೆ ಸೇರಿಸಬೇಕೋ, ಮುಂದಿರುವ ಮೊಮ್ಮಗನ ಕಾಯನ್ನು ಹೊಡೆಯಬೇಕೋ? ಹೊಡೆದರೆ ಹಿಂದಿನಿಂದ ಎರಡು ಮನೆಯ ದೂರದಲ್ಲಿ ಮತ್ತೊಬ್ಬರು ಹೊಂಚುತ್ತಿದ್ದಾರೆ. ನಾಲ್ಕು ಕವಡೆಗಳಲ್ಲಿ ಎರಡು ಬೀಳುವುದೇ ಹೆಚ್ಚು, ಚೌಕವೂ ಬಾರವೂ ಅಪರೂಪ ಎಂಬ ಲೆಕ್ಕ ಸಂಭವಶಾಸ್ತ್ರ ಓದದ ಅಜ್ಜಿಯ ಬೆರಳ ತುದಿಯಲ್ಲಿದೆ. ಎಣಿಕೆ, ನೆನಪು, ಎದುರಾಳಿಯ ಮನಸ್ಸಿನ ಊಹೆ, ತಾಳ್ಮೆ, ದುಡುಕಿದ್ದಕ್ಕೆ ಪಶ್ಚಾತ್ತಾಪ ಎಲ್ಲವೂ ಒಂದು ಗಳಿಗೆಯಲ್ಲಿ. "ಅಜ್ಜೀ, ನೀ ಸುಳ್ಳು ಎಣಿಸ್ತಿ" ಎಂದು ಮೊಮ್ಮಗ ಜಗಳ ತೆಗೆದರೆ, "ಸುಳ್ಳ್ಯಾಕ, ನಿನ್ನ ಕಾಯಿ ಕಡದೀನಿ, ಸುಮ್ಮನ ಮನಿಗೆ ಹೋಗು" ಎಂಬ ಉತ್ತರ ಸಿದ್ಧ. ಇಡೀ ದಿನ ಬೇರಾರೂ ಆಕೆಯೊಡನೆ ಜಗಳವಾಡಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಜಗಳವಾಡಲು ತಕ್ಕವರೆಂದು ಒಬ್ಬರನ್ನು ಪರಿಗಣಿಸುವುದು ಸಹ ಗೌರವದ ಒಂದು ಬಗೆ.

ನಡುಮನೆ ಸೇರಿದ ಕಾಯನ್ನು ಕನ್ನಡದಲ್ಲಿ "ಹಣ್ಣಾಯಿತು" ಎನ್ನುತ್ತೇವೆ. ತೀರ ವಯಸ್ಸಾದವರನ್ನು ಹಣ್ಣು ಹಣ್ಣು ಮುದುಕರು ಎನ್ನುವ ಭಾಷೆಯೂ ಇದೇ. ಆಟದಲ್ಲಿ ಹಣ್ಣಾಗುವುದೆಂದರೆ ಗೆಲ್ಲುವುದು. ಬದುಕಿನಲ್ಲಿ ಮಾತ್ರ ನಾವು ಅರವತ್ತಕ್ಕೆ ಅರಳುಮರಳು ಎಂಬ ಇನ್ನೊಂದು ಗಾದೆಯನ್ನು ಹಿಡಿದುಕೊಂಡಿದ್ದೇವೆ.

ಈ ಆಟಗಳ ವಯಸ್ಸನ್ನು ತಿಳಿಯಲು ಬಹಳ ದೂರ ಹೋಗಬೇಕಿಲ್ಲ. 2021ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಹಂಪಿಯಲ್ಲಿ ಗುಡಿ ಮಂಟಪಗಳ ಕಲ್ಲುಹಾಸನ್ನು ತಲೆ ತಗ್ಗಿಸಿ ನೋಡುತ್ತ ನಡೆದರೆ ಅಲ್ಲಲ್ಲಿ ಕೊರೆದ ಮಣೆಗಳು ಕಾಣುತ್ತವೆ: ಚೌಕದ ಮನೆಗಳು, ಸಾಲು ಗುಳಿಗಳು, ಹುಲಿ ಕುರಿ ಆಟದ ಗೆರೆಗಳು. ಪ್ರವಾಸಿಗರು ಕಂಬಗಳ ಶಿಲ್ಪವನ್ನು ನೋಡುತ್ತ ಇವುಗಳನ್ನು ತುಳಿದುಕೊಂಡು ಹೋಗುತ್ತಾರೆ. ಯಾರು ಕೊರೆದರೋ, ಕಾವಲಿನವರೋ, ಯಾತ್ರಿಕರೋ, ಕಲ್ಲುಕುಟಿಗರೋ. ಅಂತೂ ಅಲ್ಲಿ ಇಬ್ಬರು ಎದುರುಬದುರು ಕುಳಿತಿದ್ದರೆಂಬುದು ಮಾತ್ರ ಖಂಡಿತ. ಜೆರುಸಲೇಮಿನಲ್ಲಿ ಯೇಸುಸ್ವಾಮಿಯ ಶಿಲುಬೆಯ ಹಾದಿಯ ಬಳಿ ಸಿಯೋನ್ ಮಾತೆಯ ಭಗಿನಿಯರ ಕನ್ಯಾಮಠವಿದೆ. ಅದರ ನೆಲಮಾಳಿಗೆಯಲ್ಲಿ ರೋಮನರ ಕಾಲದ ಕಲ್ಲುಹಾಸು ಇದೆ. ಅದರ ಮೇಲೂ ಇಂಥವೇ ಆಟದ ಗೆರೆಗಳಿವೆ. ಪಿಲಾತನು ತೀರ್ಪಿತ್ತ ನೆಲವೇ ಅದೆಂದು ಯಾತ್ರಿಕರು ಬಹುಕಾಲ ನಂಬಿದ್ದರು. ಅದು ಎರಡನೆಯ ಶತಮಾನದ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದೆಂಬುದು ಈಗಿನ ವಿದ್ವಾಂಸರ ಅಭಿಪ್ರಾಯ. ಹಂಪಿಯ ಗೆರೆಗಳನ್ನು ಕಂಡ ಕಣ್ಣಿಗೆ ಅವು ಪರಕೀಯವೆನಿಸುವುದಿಲ್ಲ.

ಕನ್ನಡ ನಾಡಿನಲ್ಲಿ ಆಟವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು ಗಂಭೀರವಾಗಿ ತೆಗೆದುಕೊಂಡವರು ಮತ್ತೊಬ್ಬರಿಲ್ಲ. ಅವರು ಹುಟ್ಟಿದ್ದು 1794ರಲ್ಲಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡಾಗ ಅವರಿಗೆ 37 ವಯಸ್ಸು. ಅನಂತರ 1868ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಅಷ್ಟೇ ವರ್ಷ ಅರಮನೆಯಿತ್ತು, ಹೆಸರಿತ್ತು, ಕೆಲಸವಿರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಬಲವಂತದ ನಿವೃತ್ತಿ. ಆ ಖಾಲಿ ವರ್ಷಗಳಲ್ಲಿ ಅವರು ಸಾಹಿತ್ಯಕ್ಕೆ, ಚಿತ್ರಕಲೆಗೆ ಆಶ್ರಯವಿತ್ತರು. ಜೊತೆಗೆ ಪಗಡೆ, ಚದುರಂಗ, ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿದರು. ಶ್ರೀತತ್ತ್ವನಿಧಿ ಗ್ರಂಥದ ಒಂದು ಭಾಗವಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಅದರ ನಡೆಯಲ್ಲಿಯೇ ನಡೆಸುತ್ತ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿಸುವ ಕಠಿಣ ಸಮಸ್ಯೆಯನ್ನು ಅವರು ಬಿಡಿಸಿದ್ದರು. ರಾಜ್ಯ ನಡೆಸುವ ಅವಕಾಶ ತಪ್ಪಿದ ಅರಸು ಕುದುರೆಯ ಕಾಯನ್ನು ನಡೆಸುತ್ತ ಕುಳಿತದ್ದನ್ನು ಕೆಲವರು ವ್ಯಂಗ್ಯವಾಗಿ ನೋಡಿಯಾರು. ಕೆಲಸ ಹೋದ ಮೇಲೂ ಬುದ್ಧಿ ಹೋಗಲು ಬಿಡದೆ ಕಾಪಾಡಿಕೊಂಡ ಒಬ್ಬ ಮನುಷ್ಯನನ್ನು ನಾನು ಅಲ್ಲಿ ಕಾಣುತ್ತೇನೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಇಂಥ ಹಳೆಯ ಆಟಗಳ ಮಣೆಗಳನ್ನು ಮತ್ತೆ ಮಾಡಿಸಿ, ಕ್ರೀಡಾಕೌಶಲ್ಯ ಎಂಬ ಪ್ರದರ್ಶನಗಳನ್ನು ಏರ್ಪಡಿಸಿ ಜನರ ಮುಂದಿಟ್ಟಿರುವುದು ಸ್ತುತ್ಯ ಕಾರ್ಯ.

ಇನ್ನು ನಮ್ಮ ಧರ್ಮಸಭೆಯ ವಿಷಯಕ್ಕೆ ಬರೋಣ. ಕ್ರೈಸ್ತ ಕುಟುಂಬಗಳಲ್ಲಿ ಕವಡೆ, ದಾಳ, ಇಸ್ಪೀಟು ಎಂದೊಡನೆ ಮುಖ ಸಿಂಡರಿಸುವ ಹಿರಿಯರೇ ಇದ್ದಾರೆ. ಅವರ ಅಳುಕಿಗೆ ಕಾರಣವಿದೆ. ಶಿಲುಬೆಯ ಅಡಿಯಲ್ಲಿ ಸೈನಿಕರು ಪ್ರಭುವಿನ ಅಂಗಿಗಾಗಿ ಚೀಟು ಹಾಕಿದರು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಗುರುಗಳು ದಾಳದ ಆಟ ಆಡಕೂಡದೆಂದು ವಿಧಿಸಿತು. ಧರ್ಮರಾಯನ ಪಗಡೆಯ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ಹಬ್ಬದ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ನಡೆಯುವ ಅಂದರ್ ಬಾಹರ್ ಎಷ್ಟು ಮನೆಗಳ ಒಲೆಯನ್ನು ಆರಿಸಿದೆಯೆಂಬುದು ಪಾಪನಿವೇದನೆ ಕೇಳುವ ಗುರುಗಳಿಗಿಂತ ಆ ಮನೆಗಳ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆದರೂ ಚೀಟು ಹಾಕುವುದೇ ಪಾಪವಾಗಿದ್ದರೆ ಪ್ರೇಷಿತರು ಯೂದನ ಸ್ಥಾನಕ್ಕೆ ಮತ್ತೀಯನನ್ನು ಹಾಗೆ ಆರಿಸುತ್ತಿರಲಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಅದೃಷ್ಟದ ಆಟಗಳು ತಮ್ಮಷ್ಟಕ್ಕೆ ನ್ಯಾಯವಿರುದ್ಧವಲ್ಲವೆಂದೂ, ಯಾರದಾದರೂ ಅಗತ್ಯದ ಅನ್ನವನ್ನು ಕಸಿದುಕೊಂಡಾಗ, ಆಡುವವನನ್ನು ದಾಸನನ್ನಾಗಿ ಮಾಡಿಕೊಂಡಾಗ ಅವು ಅಧರ್ಮವೆಂದೂ ವಿವೇಚಿಸುತ್ತದೆ. ಹಣವನ್ನು ಹೊರಗಿಟ್ಟರೆ ಕವಡೆಯಲ್ಲಿ ದೋಷವಿಲ್ಲ.

ಅಷ್ಟೇ ಅಲ್ಲ, ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು. ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಅವರು ಆಟದಲ್ಲಿಯೂ ಒಂದು ಸದ್ಗುಣವಿದೆಯೇ ಎಂಬ ಪ್ರಶ್ನೆಯನ್ನು ಎತ್ತಿ, ಇದೆ ಎಂದು ಉತ್ತರಿಸುತ್ತಾರೆ. ಅತಿಯಾಗಿ ಆಡುವುದು ಹೇಗೆ ದೋಷವೋ ಹಾಗೆಯೇ ತಾನೂ ಆಡದೆ, ಆಡುವವರ ಸಂತೋಷಕ್ಕೂ ಅಡ್ಡಿಯಾಗುವ ಒರಟುತನವೂ ದೋಷವೇ ಎಂಬುದು ಅವರ ತೀರ್ಮಾನ. ಅಲ್ಲಿ ಅವರು ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಪ್ರೇಷಿತ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತ ಕುಳಿತಿದ್ದರಂತೆ. ಕಂಡವರು, ಇಷ್ಟು ದೊಡ್ಡವರು ಹೀಗೆ ಆಡಬಹುದೇ ಎಂದು ಬೇಸರಪಟ್ಟರು. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಬಾಣ ಬಿಡಲು ಹೇಳಿದರು. ಅವನು ಹಲವು ಬಾಣಗಳನ್ನು ಬಿಟ್ಟ ಮೇಲೆ, ಎಡೆಬಿಡದೆ ಹೀಗೆಯೇ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಬಿಟ್ಟರೆ ಬಿಲ್ಲು ಮುರಿದೀತು ಎಂದನವನು. ಮನಸ್ಸಿನ ಪಾಡೂ ಅದೇ ಎಂದರು ಸಂತರು.

ಕಥೆ ಚೆನ್ನಾಗಿದೆ. ಆದರೆ ಹಿರಿಯರ ವಿಷಯದಲ್ಲಿ ಅದು ಪೂರ್ತಿ ಹೊಂದುವುದಿಲ್ಲ. ಬಿಲ್ಲನ್ನು ಸಡಿಲಿಸುವುದು ಮತ್ತೆ ಹೂಡುವುದಕ್ಕಾಗಿ. ಅರಿಸ್ಟಾಟಲನೂ ಆಟವನ್ನು ದುಡಿಮೆಯ ನಡುವಿನ ವಿಶ್ರಾಂತಿಯೆಂದೇ ಕಂಡನು. ಮತ್ತೆ ದುಡಿಯುವುದಕ್ಕಾಗಿ ಆಡಬೇಕು. ಹಾಗಾದರೆ ದುಡಿಮೆ ಮುಗಿದವರು ಏಕೆ ಆಡಬೇಕು? ಮರಳಿ ಹೂಡುವ ಬಾಣವಿಲ್ಲದವರು ಬಿಲ್ಲನ್ನು ಸಡಿಲಿಸಿ ಏನು ಮಾಡಬೇಕು? ಗುರುಮಠದ ತರಗತಿಯಲ್ಲಿ ಕೇಳಬಹುದಾದ ಈ ಪ್ರಶ್ನೆ ನಮ್ಮ ಬೀದಿಯ ಪ್ರತಿಯೊಂದು ಮನೆಯ ಮಂಚದ ಮೇಲೂ ಕುಳಿತಿದೆ.

ಉತ್ತರವೂ ಅಕ್ವಿನಾಸರಲ್ಲಿಯೇ ಇದೆ, ಬೇರೊಂದು ಕಡೆ. ಬೊಯೇಥಿಯಸನ ಕಿರುಗ್ರಂಥವೊಂದಕ್ಕೆ ಬರೆದ ವ್ಯಾಖ್ಯಾನದ ಮೊದಲಲ್ಲಿ ಅವರು ಜ್ಞಾನದ ಧ್ಯಾನವನ್ನು ಆಟಕ್ಕೆ ಹೋಲಿಸುತ್ತಾರೆ. ಆಟ ಸಂತೋಷ ಕೊಡುತ್ತದೆ, ಧ್ಯಾನವೂ ಹಾಗೆಯೇ. ಆಟವನ್ನು ಮತ್ತಾವುದೋ ಲಾಭಕ್ಕಾಗಿ ಆಡುವುದಿಲ್ಲ, ಧ್ಯಾನವೂ ಹಾಗೆಯೇ. ಬೈಬಲಿನ ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ದೈವಜ್ಞಾನವು ಸೃಷ್ಟಿಯ ಹೊತ್ತಿನಲ್ಲಿ ದೇವರ ಮುಂದೆ ನಲಿದಾಡುತ್ತಿತ್ತೆಂಬ ಚಿತ್ರವಿದೆ. ಅಲ್ಲಿ ಲಾಭವಿಲ್ಲ, ಸಂಬಳವಿಲ್ಲ. ಹೀಗೆ ನೋಡಿದರೆ ಮುಪ್ಪಿನ ಆಟ ದುಡಿಮೆಯ ಬಿಡುವಲ್ಲ. ಅದು ಜಪಸರದ ನೆರೆಮನೆ.

ಈ ಮಾತನ್ನು ಒತ್ತಿ ಹೇಳಲು ಒಂದು ಕಾರಣವಿದೆ. ಈಚೆಗೆ ಆಟವನ್ನು ಔಷಧಿಯಂತೆ ಮಾರುವವರು ಹೆಚ್ಚಾಗಿದ್ದಾರೆ. ಇಂತಿಷ್ಟು ಹೊತ್ತು ಈ ಒಗಟು ಬಿಡಿಸಿದರೆ ಮರೆವಿನ ಕಾಯಿಲೆ ಬಾರದು ಎಂಬ ಭರವಸೆ ಮೊಬೈಲಿನ ಪರದೆಯ ಮೇಲೆ ಹರಿದಾಡುತ್ತದೆ. ವೈದ್ಯವಿಜ್ಞಾನ ನಿಜಕ್ಕೂ ಏನು ಹೇಳಿದೆಯೆಂದು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಈ ವಿಷಯದ ಒಂದು ಪ್ರಸಿದ್ಧ ಅಧ್ಯಯನ ನಮ್ಮ ಭಗಿನಿಯರದ್ದೇ. 1986ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಸ್ನೋಡನ್ ನೋತ್ರ್ ದಾಮ್ ಶಾಲಾ ಭಗಿನಿಯರ ಸಭೆಯಲ್ಲಿ ಆರಂಭಿಸಿದ ಈ ಕಾರ್ಯದಲ್ಲಿ 75 ದಾಟಿದ 678 ಭಗಿನಿಯರು ಪಾಲ್ಗೊಂಡರು. ಪ್ರತಿವರ್ಷ ನೆನಪಿನ ಪರೀಕ್ಷೆಗಳಿಗೆ ಒಡ್ಡಿಕೊಂಡದ್ದಲ್ಲದೆ, ಸತ್ತ ಮೇಲೆ ತಮ್ಮ ಮೆದುಳನ್ನು ಪರೀಕ್ಷೆಗೆ ಕೊಡಲೂ ಒಪ್ಪಿದರು. ಕೆಲವರ ಮೆದುಳಿನಲ್ಲಿ ಆಲ್ಜೈಮರ್ ಕಾಯಿಲೆಯ ಗುರುತುಗಳು ಧಾರಾಳವಾಗಿದ್ದವು. ಆದರೆ ಬದುಕಿದ್ದಾಗ ಅವರ ಬುದ್ಧಿ ಚುರುಕಾಗಿಯೇ ಇತ್ತು. ಕಾಯಿಲೆ ಬಂದರೂ ಕೆಲವರು ಅದನ್ನು ತಡೆದುಕೊಳ್ಳುವ ಬಂಡವಾಳವನ್ನು ಬದುಕಿನುದ್ದಕ್ಕೂ ಕೂಡಿಟ್ಟಿರುತ್ತಾರೆ ಎಂಬ ವಿಚಾರಕ್ಕೆ ಇದರಿಂದ ಬಲ ಬಂದಿತು. 2003ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಿಂದ ಮತ್ತೊಂದು ವರದಿ ಬಂದಿತು. 75 ದಾಟಿದ 469 ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಓದುವವರಲ್ಲಿ, ಮಣೆಯಾಟ ಆಡುವವರಲ್ಲಿ, ವಾದ್ಯ ನುಡಿಸುವವರಲ್ಲಿ, ನರ್ತಿಸುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತ್ತು.

ಫ್ರಾನ್ಸಿನ ಬೋರ್ಡೋ ಸೀಮೆಯ ಅಧ್ಯಯನ ಇನ್ನೂ ದೊಡ್ಡದು: 3,675 ಜನ, 20 ವರ್ಷ. ಮಣೆಯಾಟ, ಇಸ್ಪೀಟು ಆಡುವವರಲ್ಲಿ ಕಾಯಿಲೆಯ ಸಂಭವ ನೂರಕ್ಕೆ 15ರಷ್ಟು ಕಡಿಮೆ ಎಂದು 2013ರಲ್ಲಿ ಪ್ರಕಟವಾಯಿತು. ಆದರೆ ಪ್ರಾಮಾಣಿಕರಾದ ಆ ಸಂಶೋಧಕರು ಮುಂದುವರಿದು, ಆರಂಭದಲ್ಲಿ ಅವರವರ ಬುದ್ಧಿಶಕ್ತಿ ಹೇಗಿತ್ತು, ಖಿನ್ನತೆ ಇತ್ತೇ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿದರೆ ಈ ವ್ಯತ್ಯಾಸ ಗಟ್ಟಿಯಾಗಿ ನಿಲ್ಲುವುದಿಲ್ಲವೆಂದೂ ತಿಳಿಸಿದರು. ಆಡುವುದರಿಂದ ಬುದ್ಧಿ ಉಳಿಯಿತೋ, ಬುದ್ಧಿ ಉಳಿದಿದ್ದರಿಂದ ಆಡಿದರೋ? ತತ್ತ್ವಶಾಸ್ತ್ರದಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂದು ವಾದಿಸುವವರಿಗೆ ಇದು ಹೊಸ ಗೊಂದಲವಲ್ಲ. ಆಟ ಆಡಿದರೆ ಕಾಯಿಲೆ ಬಾರದು ಎಂದು ಯಾರಿಗೂ ಮಾತು ಕೊಡುವಂತಿಲ್ಲ. ಒಂಟಿತನ, ಕಿವುಡು, ದೃಷ್ಟಿಮಾಂದ್ಯಗಳು ಕಾಯಿಲೆಯ ಸಂಭವವನ್ನು ಹೆಚ್ಚಿಸುತ್ತವೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ ಪಟ್ಟಿ ಮಾಡಿದೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಿದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು.

ಈ ಸಂಖ್ಯೆಗಳ ಹಿಂದಿನ ಒಂದು ಮನೆಯ ಕಥೆ ಹೇಳಬೇಕು. ನಮ್ಮಲ್ಲಿಯ ಒಬ್ಬ ತಾಯಿ ಪಕ್ಕದ ಮನೆಯ ಗೆಳತಿಯೊಡನೆ ಮಧ್ಯಾಹ್ನಗಳಲ್ಲಿ ತಪ್ಪದೆ ಚೌಕಾಬಾರ ಆಡುತ್ತಿದ್ದರು. ಒಮ್ಮೆ ಆಟ ನಿಂತಿತು. ಮೊಣಕಾಲು ನೋವು, ಕೆಳಗೆ ಕೂರಲಾಗದು ಎಂದರು. ಯಾರಿಗೂ ಅನುಮಾನ ಬರಲಿಲ್ಲ. ಆ ವಯಸ್ಸಿಗೆ ಮೊಣಕಾಲು ನೋವು ಸಹಜ. ಮಣೆಯನ್ನು ಟೀಪಾಯಿಯ ಮೇಲಿಟ್ಟರೂ ಅವರು ಬರಲಿಲ್ಲ. ರಜೆಗೆ ಬಂದ ಮೊಮ್ಮಕ್ಕಳು ಬಲವಂತದಿಂದ ಕೂರಿಸಿದಾಗ ಸೊಸೆ ಒಂದು ವಿಷಯ ಗಮನಿಸಿದಳು: ಅತ್ತೆ ಕವಡೆ ಹಾಕುತ್ತಾರೆ, ಎಣಿಸುವುದಿಲ್ಲ, ಮಗು ಎಣಿಸುವವರೆಗೆ ಸುಮ್ಮನೆ ನಗುತ್ತ ಕಾಯುತ್ತಾರೆ. ಮೊಣಕಾಲು ನೆಪವಾಗಿತ್ತು. ಎಣಿಕೆ ತಪ್ಪುತ್ತಿದೆಯೆಂಬುದನ್ನು ಗೆಳತಿಯಿಂದ ಮುಚ್ಚಿಡಲು ಆ ತಾಯಿ ಆಟವನ್ನೇ ಬಿಟ್ಟುಕೊಟ್ಟಿದ್ದರು. ವೈದ್ಯರಲ್ಲಿಗೆ ಹೋದಾಗ ಮರೆವಿನ ಕಾಯಿಲೆಯ ಆರಂಭವೆಂದು ತಿಳಿಯಿತು.

ಆ ಸೊಸೆ ಅನಂತರ ಮಾಡಿದ್ದು ನನಗೆ ಯಾವ ಗ್ರಂಥದಲ್ಲಿಯೂ ಸಿಕ್ಕಿರಲಿಲ್ಲ. ಎಣಿಸುವ ಕೆಲಸ ಮೊಮ್ಮಗಳಿಗೆ. ಯಾವ ಕಾಯಿ ನಡೆಸಬೇಕೆಂಬುದು ಮಾತ್ರ ಅಜ್ಜಿಯ ತೀರ್ಮಾನ ಎಂದು ಮನೆಯಲ್ಲಿ ಹೊಸ ನಿಯಮ ಮಾಡಿದಳು. ಸುಮಾರು ಒಂದು ವರ್ಷ ಹಾಗೆ ನಡೆಯಿತು. ಆರಿಸುವುದೂ ಕಷ್ಟವಾದಾಗ, ಕವಡೆ ಹಾಕುವುದು ಮಾತ್ರ ಅವರ ಪಾಲಿಗೆ ಉಳಿಯಿತು. ಈಗ ಅದೂ ಇಲ್ಲ. ಕವಡೆಗಳನ್ನು ಕೈಯಲ್ಲಿ ಹಿಡಿದು ಉಜ್ಜುತ್ತ ಕೂರುತ್ತಾರೆ. ಬೇಕಾದಾಗ ಮೊಮ್ಮಗಳು "ಅಜ್ಜೀ, ಕೊಡು" ಎಂದು ಕೇಳಿ ಪಡೆದು, ಆಡಿ, ಮತ್ತೆ ಅದೇ ಕೈಗೆ ಹಿಂದಿರುಗಿಸುತ್ತಾಳೆ. ಆಟ ಕಾಯಿಲೆಯನ್ನು ತಡೆಯಲಿಲ್ಲ. ಆದರೆ ಮಣೆಯ ಆ ಬದಿಯಲ್ಲಿ ಅವರ ಜಾಗವನ್ನು ಯಾರೂ ತೆಗೆದುಕೊಂಡಿಲ್ಲ. ಔಷಧಿಯೆಂದು ಆಡಿಸಿದ್ದರೆ, ಗುಣ ಕಾಣದಾದಾಗ ನಿಲ್ಲಿಸಿಬಿಡುತ್ತಿದ್ದರು.

ಆದ್ದರಿಂದ ಕುಟುಂಬಗಳಲ್ಲಿ ಒಂದು ಕೋರಿಕೆ. ಸದಾ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಆಟ ಬಿಟ್ಟರೆ, ಲೆಕ್ಕ ಬಲ್ಲವರು ಇಸ್ಪೀಟಿನ ಎಲೆ ಮುಟ್ಟದಾದರೆ, ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ. ಕೆಲವೊಮ್ಮೆ ಕಾರಣ ಕಣ್ಣಿನ ಪೊರೆ ಮಾತ್ರವಿರುತ್ತದೆ, ಕೆಲವೊಮ್ಮೆ ಕಿವಿ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಒಬ್ಬರು ಮನೆಯಲ್ಲಿ ಯಾರೊಡನೆಯೂ ಮಾತಿಲ್ಲದೆ ಕೂರುತ್ತಿದ್ದರು. ಸಿಡುಕು ಸ್ವಭಾವವೆಂದೇ ಎಲ್ಲರ ಎಣಿಕೆ. ನಿಜದಲ್ಲಿ ಅವರಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಚದುರಂಗದ ಮಣೆ ಹಾಕಿದಾಗ ಅವರ ಕಿವುಡು ಯಾರಿಗೂ ಅಡ್ಡಿಯಾಗಲಿಲ್ಲ, ಅವರಿಗೂ ಅಡ್ಡಿಯಾಗಲಿಲ್ಲ.

ಆಡಿಸುವವರು ಬೇಕೆಂದೇ ಸೋಲಬಾರದು. ಇದು ನನ್ನ ಖಚಿತ ಅಭಿಪ್ರಾಯ. ಹಿರಿಯರು ಮಕ್ಕಳಲ್ಲ; ಕರುಣೆಯ ಗೆಲುವನ್ನು ಅವರು ತಕ್ಷಣ ಗುರುತಿಸುತ್ತಾರೆ, ಮರುದಿನ ಆಡಲು ಬರುವುದಿಲ್ಲ. ಹೊಡೆಯಬೇಕಾದ ಕಾಯನ್ನು ಹೊಡೆಯಿರಿ. ಅತ್ತೆ ಸೊಸೆಯರು ಎದುರುಬದುರು ಕುಳಿತರೆ ಇನ್ನೂ ಒಳ್ಳೆಯದು. ಒಬ್ಬರನ್ನೊಬ್ಬರು ನ್ಯಾಯವಾಗಿ ಕಡಿಯಲು ಇಷ್ಟು ನಿರಪಾಯದ ಅವಕಾಶ ಮತ್ತೊಂದಿಲ್ಲ. ಮನೆಗೊಂದು ನಿಯಮವಿರುವುದರಿಂದ ಮೊದಲೇ ಮಾತಾಡಿಕೊಂಡು ಕೂರುವುದು ಕ್ಷೇಮ. ಹಣದ ಪಣ ಬೇಡವೇ ಬೇಡ, ಎಂಟಾಣೆಯದೂ ಬೇಡ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು 2025ರಲ್ಲಿ ಸಂಸತ್ತೇ ಮಾಡಿದೆ. ಪರದೇಶದಲ್ಲಿರುವ ಮೊಮ್ಮಕ್ಕಳೊಡನೆ ಮೊಬೈಲಿನಲ್ಲಿ ಹಣವಿಲ್ಲದೆ ಲೂಡೋ ಆಡುವುದಾದರೆ ಆಗಲಿ. ಅದು ನಮ್ಮ ಪಚ್ಚೀಸಿಯೇ ಇಂಗ್ಲೆಂಡಿಗೆ ಹೋಗಿ ವೇಷ ಬದಲಿಸಿ ಬಂದದ್ದು.

ಜೆಕರ್ಯ ಪ್ರವಾದಿಯ ಎಂಟನೆಯ ಅಧ್ಯಾಯದಲ್ಲಿ, ದೇವರು ಮತ್ತೆ ಕಟ್ಟುವ ಜೆರುಸಲೇಮಿನ ಚಿತ್ರವೊಂದಿದೆ. ಅಲ್ಲಿ ಅರಮನೆಯ ವರ್ಣನೆಯಿಲ್ಲ. ಬೀದಿಗಳಲ್ಲಿ ಕೋಲು ಹಿಡಿದ ಮುದುಕ ಮುದುಕಿಯರು ಕುಳಿತಿದ್ದಾರೆ. ಅದೇ ಬೀದಿಗಳ ತುಂಬ ಹುಡುಗ ಹುಡುಗಿಯರು ಆಡುತ್ತಿದ್ದಾರೆ. ನಮ್ಮ ಬೀದಿಗಳಲ್ಲಿ ಈಗ ಮುದುಕರೂ ಇಲ್ಲ, ಆಡುವ ಮಕ್ಕಳೂ ಇಲ್ಲ. ಇಬ್ಬರೂ ಒಳಗೆ, ಬೇರೆ ಬೇರೆ ಪರದೆಗಳ ಮುಂದೆ. ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನ, ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಆಸುಪಾಸಿನಲ್ಲಿ, ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ಆ ದಿನ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದು ಮನೆಗೆ ಕಳುಹಿಸುವುದು ರೂಢಿ. ಹಾರದ ಬದಲು, ಬಲಿಪೂಜೆಯ ಅನಂತರ ನೆರಳಿರುವ ಕಡೆ ನಾಲ್ಕು ಮಣೆ ಹಾಕಿ, ಧರ್ಮೋಪದೇಶದ ತರಗತಿಯ ಮಕ್ಕಳನ್ನು ಅವರ ಎದುರಿಗೆ ಕೂರಿಸಿದರೆ ಹೇಗೆ? ಮಕ್ಕಳಿಗೆ ಆಟ ಬಾರದು; ಹಿರಿಯರಿಗೆ ಬರುತ್ತದೆ. ಕಲಿಸುವವರು ಯಾರು, ಕಲಿಯುವವರು ಯಾರು ಎಂಬುದು ಒಂದು ದಿನವಾದರೂ ಸರಿಯಾಗಿ ನಿಲ್ಲುತ್ತದೆ.

ಖರ್ಚು ಏನೂ ಇಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಗೆರೆಗಳಿಂದ 25 ಮನೆ ಎಳೆಯಿರಿ, ಕಣ್ಣು ಮಂಜಾದವರಿಗೆ ಕಾಣುವಷ್ಟು ದೊಡ್ಡದಾಗಿ. ಕಾಯಿಗಳಿಗೆ ಬಳೆಚೂರು, ಗುಂಡಿ, ಅವರೆಬೀಜ, ಬೆಣಚುಕಲ್ಲು ಸಾಕು. ಕೈ ನಡುಗುವವರಿಗೆ ಒಂದು ಲೋಟ ಕೊಡಿ, ಅದರಲ್ಲಿ ಅಲುಗಾಡಿಸಿ ಅಂಚಿರುವ ತಟ್ಟೆಗೆ ಸುರಿಯಲಿ. ಮನೆಯಲ್ಲಿ ಕವಡೆ ಇಲ್ಲದಿದ್ದರೆ ನಾಲ್ಕು ದಪ್ಪ ಹುಣಿಸೆಬೀಜಗಳನ್ನು ಆರಿಸಿಕೊಂಡು, ಒಂದೊಂದರ ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವವರೆಗೆ ಉಜ್ಜಬೇಕು. ಬಿಳಿ ಮೇಲಾದರೆ ತೆರೆದಂತೆ, ಕಪ್ಪು ಮೇಲಾದರೆ ಮುಚ್ಚಿದಂತೆ. ಉಜ್ಜುವುದು ಹೇಗೆಂದು ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳಿ.